ಪರದೇಶದ ಆಕಾಶದಲ್ಲಿ ನಮ್ಮ ಮೈಕು

ಈ ಶೀರ್ಷಿಕೆಯನ್ನು ಕಂಡೊಡನೆ ಸಹಪಾಠಿಗಳಲ್ಲಿ ಕೆಲವರಾದರೂ ನಗಬಹುದು. ಕನ್ನಡ, ಇತಿಹಾಸ, ರಾಜ್ಯಶಾಸ್ತ್ರಗಳನ್ನು ಓದುತ್ತಿರುವವನಿಗೂ ಮೆಗಾಹರ್ಟ್ಸಿಗೂ ಎಲ್ಲಿಂದೆಲ್ಲಿಯ ನಂಟು ಎಂದು ಕೇಳಲೂಬಹುದು. ನಂಟು ಬೆಳೆದುದು ಹೀಗೆ. ಗೊಬ್ಬೂರಿನ ನಮ್ಮ ಮನೆತನದಲ್ಲಿ ಪದವಿಯ ತರಗತಿಯನ್ನು ಮೆಟ್ಟಿದವನು ನಾನೇ ಮೊದಲಿಗ. ಆದುದರಿಂದ ಬ್ಯಾಂಕಿನ ನೋಟೀಸಾಗಲಿ, ಪಹಣಿಯ ತಕರಾರಾಗಲಿ, ದವಾಖಾನೆಯ ಚೀಟಿಯಾಗಲಿ, ಇಂಗ್ಲಿಷಿನಲ್ಲಿ ಬಂದ ಯಾವ ಕಾಗದವನ್ನಾದರೂ ಓದಿ ಅರ್ಥ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ನಮ್ಮ ದೊಡ್ಡಪ್ಪನ ಮಗ ಕಲಬುರಗಿಯಲ್ಲಿ ಮದುವೆಗಳ ವಿಡಿಯೋ ತೆಗೆಯುವವರ ಬಳಿ ಧ್ವನಿಯ ಕೆಲಸ ನೋಡಿಕೊಳ್ಳುತ್ತಾನೆ. ಓದು ಹತ್ತನೆಯ ತರಗತಿಗೆ ನಿಂತಿತು. ಕಿವಿ ಮಾತ್ರ ಬಹು ಚುರುಕು. ಕಳೆದ ವರ್ಷ ಆತನನ್ನು ಒಂದು ಸಾಕ್ಷ್ಯಚಿತ್ರದ ತಂಡದವರು ಲಂಡನ್ನಿಗೂ ಅಲ್ಲಿಂದ ಅಮೆರಿಕೆಯ ನ್ಯೂಜೆರ್ಸಿಗೂ ಕರೆದೊಯ್ಯಲು ಒಪ್ಪಿದರು. ನಮ್ಮ ಸೀಮೆಯಿಂದ ಮಕ್ಕಳ ಹಿಂದೆ ಹೋಗಿ ಅಲ್ಲಿಯೇ ನೆಲೆನಿಂತ ಮುದುಕಿಯರ ಬೀಸುವ ಪದಗಳನ್ನೂ ಮಾತುಕತೆಗಳನ್ನೂ ದಾಖಲೆ ಮಾಡುವುದು ಅವರ ಉದ್ದೇಶ. ಹೊರಡುವ ಮುನ್ನ ಅವರು ಕಳುಹಿಸಿದ ಪಟ್ಟಿಯಲ್ಲಿ ಒಂದು ಪ್ರಶ್ನೆ ಇತ್ತು: ನಿಮ್ಮ ನಿಸ್ತಂತು ಮೈಕುಗಳ ಕಂಪನಾಂಕ ಎಷ್ಟರಿಂದ ಎಷ್ಟರವರೆಗೆ, ಶಕ್ತಿ ಎಷ್ಟು ಮಿಲಿವಾಟ್? ಅಣ್ಣ ಆ ಕಾಗದವನ್ನು ನನ್ನ ಮುಂದೆ ಹಿಡಿದು, "ತಮ್ಮಾ, ಮೈಕಿಗೂ ಪಾಸ್‌ಪೋರ್ಟ್ ಬೇಕಾಗ್ತದೇನೋ?" ಎಂದು ಕೇಳಿದ.

ಆತ ಚೇಷ್ಟೆಗೆ ಕೇಳಿದ್ದು. ಆದರೆ ಓದುತ್ತ ಹೋದಂತೆ ಇದಕ್ಕಿಂತ ಸರಿಯಾದ ಪ್ರಶ್ನೆ ಇನ್ನೊಂದಿಲ್ಲವೆಂದು ನನಗೆ ತೋರಿತು. ಗ್ರಂಥಾಲಯದಲ್ಲಿ ಕುಳಿತು, ಭೌತಶಾಸ್ತ್ರದ ಅಧ್ಯಾಪಕರನ್ನು ಬೇಸರವಾಗುವಷ್ಟು ಸಲ ಕೇಳಿ ತಿಳಿದುಕೊಂಡದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಯಂತ್ರದ ವಿಷಯ. ನಮ್ಮ ಕಡೆಯ ಮಂದಿ ಇದನ್ನು ಕಾರ್ಡ್‌ಲೆಸ್ ಮೈಕು ಅಥವಾ ಕಾಲರ್ ಮೈಕು ಎನ್ನುತ್ತಾರೆ. ಕಡಲೆಕಾಳಿನಷ್ಟು ಮೈಕು ಅಂಗಿಯ ಎದೆಗೆ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದೊಂದು ಪೆಟ್ಟಿಗೆ ಸೊಂಟಕ್ಕೆ. ಈ ಪೆಟ್ಟಿಗೆಯೇ ಪ್ರೇಷಕ, ಅಂದರೆ ಧ್ವನಿಯನ್ನು ವಿದ್ಯುತ್ಕಾಂತ ತರಂಗದ ಮೇಲೆ ಹೊರಿಸಿ ಕಳುಹಿಸುವ ಯಂತ್ರ. ಕ್ಯಾಮರಾದ ಬಳಿಯಿರುವ ಇನ್ನೊಂದು ಪೆಟ್ಟಿಗೆ ಅದನ್ನು ಹಿಡಿದು ಮತ್ತೆ ಧ್ವನಿಯಾಗಿಸುವ ಗ್ರಾಹಕ. 1935ರಲ್ಲಿ ಮೈಸೂರಿನ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಪ್ರಾರಂಭಿಸಿ 'ಆಕಾಶವಾಣಿ' ಎಂಬ ಹೆಸರನ್ನು ಬಳಕೆಗೆ ತಂದರಷ್ಟೆ. ಕಾಲರ್ ಮೈಕು ಕಟ್ಟಿಕೊಂಡ ಪ್ರತಿಯೊಬ್ಬರೂ ಸೊಂಟದಲ್ಲಿ ಅಂಥದೇ ಒಂದು ಪುಟ್ಟ ಆಕಾಶವಾಣಿಯನ್ನು ಕಟ್ಟಿಕೊಂಡಂತೆ. ಭೇದವಿರುವುದು ಶಕ್ತಿಯಲ್ಲಿ. ಮೈಕಿನ ಶಕ್ತಿ ಸಾಮಾನ್ಯವಾಗಿ 10ರಿಂದ 50 ಮಿಲಿವಾಟ್. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಗೋಪುರದಿಂದ ಹೊರಡುವ ದೂರದರ್ಶನ ಪ್ರಸಾರಕ್ಕೆ 200 ಕಿಲೋವಾಟ್. 10 ಮಿಲಿವಾಟಿನ ಮೈಕಿಗಿಂತ ಎರಡು ಕೋಟಿ ಪಟ್ಟು. ಈ ಅಂತರವನ್ನು ಮರೆತವರಿಗೆ ಮುಂದಿನ ಯಾವ ಮಾತೂ ಅರ್ಥವಾಗದು.

ತರಂಗವು ಒಂದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆಯೋ ಅದೇ ಅದರ ಕಂಪನಾಂಕ. ಹತ್ತು ಲಕ್ಷ ಸಲ ಕಂಪಿಸಿದರೆ ಒಂದು ಮೆಗಾಹರ್ಟ್ಸ್. ಬೆಳಕಿನ ವೇಗವನ್ನು ಕಂಪನಾಂಕದಿಂದ ಭಾಗಿಸಿದರೆ ತರಂಗದ ಉದ್ದ ಸಿಗುತ್ತದೆ. 600 ಮೆಗಾಹರ್ಟ್ಸಿಗೆ ಅದು 50 ಸೆಂಟಿಮೀಟರ್. ಆಂಟೆನಾ ಅದರ ಕಾಲುಭಾಗವಿದ್ದರೆ ಸಾಕು, ಹನ್ನೆರಡೂವರೆ ಸೆಂಟಿಮೀಟರ್. ಸೀರೆಯ ಮಡಿಕೆಯಲ್ಲಿ ಅಡಗಿಸಬಹುದು. 200 ಮೆಗಾಹರ್ಟ್ಸಿಗೆ ಇಳಿದರೆ ಆಂಟೆನಾ ಒಂದು ಗೇಣನ್ನೂ ಮೀರುತ್ತದೆ. ಬಹಳ ಮೇಲಕ್ಕೆ, ಎರಡು ಸಾವಿರದಾಚೆಗೆ ಹೋದರೆ ಆಂಟೆನಾ ಚಿಕ್ಕದಾಗುತ್ತದೆ ನಿಜ, ಆದರೆ ನೀರಿನ ಅಂಶ ತುಂಬಿದ ಮನುಷ್ಯದೇಹವೇ ತರಂಗವನ್ನು ಹೀರತೊಡಗುತ್ತದೆ. ಆದುದರಿಂದ ಚಿತ್ರೀಕರಣದವರಿಗೆ ಬಹುಕಾಲದಿಂದ ಒಲಿದು ಬಂದದ್ದು 470ರಿಂದ 700ರ ಸುಮಾರಿನ ಪಟ್ಟಿ. ದುರ್ದೈವದಿಂದ ಇಡೀ ಜಗತ್ತಿಗೂ ಅದೇ ಪಟ್ಟಿಯ ಮೇಲೆ ಕಣ್ಣು.

ಕಂಪನಾಂಕವೆಂಬುದು ನಮ್ಮ ಭಾಗಕ್ಕೆ ಹೊಸ ಮಾತಲ್ಲ. ಕಲಬುರಗಿಗೆ ಆಕಾಶವಾಣಿ ಕೇಂದ್ರ ಬಂದದ್ದು 1966ರಲ್ಲಿ. ಅದಕ್ಕಿಂತ ಸೋಜಿಗದ ಸಂಗತಿ 1975ರದು. ಆ ವರ್ಷದ ಆಗಸ್ಟ್ 1ರಿಂದ ಮುಂದಿನ ವರ್ಷದ ಜುಲೈ 31ರವರೆಗೆ ಎ.ಟಿ.ಎಸ್.-6 ಎಂಬ ಅಮೆರಿಕದ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ 2400 ಹಳ್ಳಿಗಳಿಗೆ ದೂರದರ್ಶನ ತೋರಿಸುವ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಆರಿಸಿದ ಹಳ್ಳಿಗಳು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳವು. ಬೆಂಗಳೂರಿಗರು ತಮ್ಮ ಊರಿನಲ್ಲಿ ದೂರದರ್ಶನ ಕಾಣುವ ಮೊದಲೇ ನಮ್ಮ ಹಳ್ಳಿಗರು ಕೋಳಿಗೂಡಿನ ಜಾಲರಿಯಂಥ ತಂತಿಯಿಂದ ಮಾಡಿದ ಹತ್ತು ಅಡಿಯ ತಟ್ಟೆಯ ಮುಂದೆ ಕುಳಿತು ಅದನ್ನು ನೋಡಿದ್ದರು. ಉಪಗ್ರಹದಿಂದ ಆ ತಟ್ಟೆಗೆ ಇಳಿದ ತರಂಗದ ಕಂಪನಾಂಕ 860 ಮೆಗಾಹರ್ಟ್ಸ್. ಒಂದೇ ಚಿತ್ರದೊಡನೆ ಎರಡು ಭಾಷೆಗಳ ಧ್ವನಿಯನ್ನು ಹೊರಿಸುವ ಏರ್ಪಾಡೂ ಅದರಲ್ಲಿತ್ತು. ಈ 860ರ ನೆರೆಮನೆಯಾದ 863ರಿಂದ 865ರವರೆಗಿನ ಪಟ್ಟಿಯಲ್ಲಿ ಇಂದು ಇಂಗ್ಲೆಂಡಿನಲ್ಲಿಯೂ ಯೂರೋಪಿನ ಅನೇಕ ದೇಶಗಳಲ್ಲಿಯೂ ಯಾರು ಬೇಕಾದರೂ ಪರವಾನಗಿಯಿಲ್ಲದೆ ಮೈಕು ಬಳಸಬಹುದು. ಕಾಲ ಬದಲಾದರೆ ಆಕಾಶದ ಒಡೆಯರೂ ಬದಲಾಗುತ್ತಾರೆ.

ಎರಡು ಮೈಕುಗಳು ಒಂದೇ ಕಂಪನಾಂಕದಲ್ಲಿದ್ದರೆ ಏನಾಗುತ್ತದೆ? ಹಿಂದೊಮ್ಮೆ ನಮ್ಮ ಕಡೆಯ ಒಂದು ಜಾತ್ರೆಯಲ್ಲಿ ಇದನ್ನು ಸಾವಿರ ಜನ ಕೇಳಿದ್ದಾರೆ. ನಾಟಕದ ಡೇರೆಯಲ್ಲಿ ಖಳನಾಯಕ ನಾಯಕಿಯ ಕೈಹಿಡಿದು ಗರ್ಜಿಸಬೇಕಾದ ಹೊತ್ತಿಗೆ ಧ್ವನಿವರ್ಧಕದಲ್ಲಿ ಪಕ್ಕದ ಮಂಟಪದ ಪುರಾಣಿಕರು ಸದ್ಭಕ್ತರಿಗೆ ದಾಸೋಹದ ಮಹಿಮೆಯನ್ನು ಹೇಳತೊಡಗಿದರು. ಜನ ಚಪ್ಪಾಳೆ ತಟ್ಟಿದರು. ಇಲ್ಲಿ ನಡೆದದ್ದು ಇಷ್ಟು: ಈ ಬಗೆಯ ಗ್ರಾಹಕ ಎರಡು ಧ್ವನಿಗಳನ್ನು ಬೆರೆಸಿ ಕೊಡುವುದಿಲ್ಲ, ಬಲವಾಗಿ ಬಂದುದನ್ನು ಹಿಡಿದು ಇನ್ನೊಂದನ್ನು ಕೈಬಿಡುತ್ತದೆ. ನಟ ತಿರುಗಿ ನಿಂತು ಆತನ ದೇಹ ಅಡ್ಡವಾದ ಕ್ಷಣವೇ ಪುರಾಣಿಕರು ಗೆದ್ದರು. ಜಾತ್ರೆಯಲ್ಲಿ ಇದು ನಗೆಯ ಮಾತು. ಆದರೆ ಎಂಬತ್ತೈದು ವರ್ಷದ ಅಜ್ಜಿಯೊಬ್ಬಳು, ಬೀಸುವ ಕಲ್ಲೇ ಇಲ್ಲದ ಊರಿನಲ್ಲಿ, ತಾಯಿಯಿಂದ ಕಲಿತ ಪದವೊಂದನ್ನು ನೆನೆನೆನೆದು ಹಾಡುವಾಗ ಹೀಗಾದರೆ? "ಇನ್ನೊಮ್ಮೆ ಹೇಳಮ್ಮಾ" ಎಂದರೆ ಆಕೆ ಹೇಳಿಯಾಳು. ಅದು ಅದೇ ಪದವಾಗಿರುವುದಿಲ್ಲ.

ನಮ್ಮ ಚಲಚ್ಚಿತ್ರರಂಗ ಈ ಚಿಂತೆಯನ್ನು ಬಹುಕಾಲ ಮಾಡಲಿಲ್ಲ. ಮಾಡುವ ಅಗತ್ಯವೂ ಇರಲಿಲ್ಲ. ವಿಷ್ಣುವರ್ಧನ್ ಮತ್ತು ದ್ವಾರಕೀಶರ 'ಸಿಂಗಾಪುರದಲ್ಲಿ ರಾಜಾಕುಳ್ಳ' 1978ರಲ್ಲಿ ಬಂದಾಗ ಕನ್ನಡ ಚಿತ್ರವೊಂದು ಕಡಲು ದಾಟಿದ್ದೇ ದೊಡ್ಡ ಸುದ್ದಿ. ನಾಗತಿಹಳ್ಳಿ ಚಂದ್ರಶೇಖರರ 'ಅಮೆರಿಕಾ ಅಮೆರಿಕಾ' ಬಂದದ್ದು 1997ರಲ್ಲಿ. ದಕ್ಷಿಣದ ಚಿತ್ರಗಳಲ್ಲಿ ಆ ದಿನಗಳ ರೂಢಿಯೆಂದರೆ ಚಿತ್ರವನ್ನು ಮೊದಲು ತೆಗೆದು, ಮಾತುಗಳನ್ನು ಅನಂತರ ಸ್ಟುಡಿಯೋದಲ್ಲಿ ಸೇರಿಸುವುದು, ಅಂದರೆ ಡಬ್ಬಿಂಗ್. ಸ್ಥಳದಲ್ಲಿಯೇ ಧ್ವನಿ ಹಿಡಿಯುವ ಪದ್ಧತಿ ಈಚಿನದು. ಮಂಡ್ಯದ ಹಳ್ಳಿಗರನ್ನೇ ಪಾತ್ರಧಾರಿಗಳನ್ನಾಗಿ ಮಾಡಿದ 'ತಿಥಿ' ಅದಕ್ಕೆ ಒಳ್ಳೆಯ ನಿದರ್ಶನ. ಗಡ್ಡಪ್ಪನ ಮಾತನ್ನು ಸ್ಟುಡಿಯೋದಲ್ಲಿ ಇನ್ನೊಬ್ಬರ ಬಾಯಿಂದ ಹೇಳಿಸಿದ್ದರೆ ಆ ಚಿತ್ರದಲ್ಲಿ ಏನು ಉಳಿಯುತ್ತಿತ್ತು? ಸಾಕ್ಷ್ಯಚಿತ್ರಕ್ಕಂತೂ ಡಬ್ಬಿಂಗಿನ ಆಸರೆಯೇ ಇಲ್ಲ.

ಇನ್ನು ಅಣ್ಣನ ಪ್ರಶ್ನೆಗೆ ಬರೋಣ. ಮೈಕಿಗೆ ಸ್ವಂತ ಮನೆಯಿಲ್ಲ. ಇದು ತಿಳಿಯಬೇಕಾದ ಮುಖ್ಯ ಸಂಗತಿ. 470ರ ಮೇಲಿನ ಪಟ್ಟಿಯನ್ನು ಎಲ್ಲ ದೇಶಗಳೂ ದೂರದರ್ಶನಕ್ಕೆಂದು ಕೋಣೆಕೋಣೆಯಾಗಿ ಹಂಚಿದವು. ಒಂದು ಊರಿನಲ್ಲಿ ಎಲ್ಲ ಕೋಣೆಗಳೂ ತುಂಬಿರುವುದಿಲ್ಲ, ಏಕೆಂದರೆ ನೆರೆಯೂರಿನ ಕೇಂದ್ರಗಳಿಗೆ ತೊಂದರೆಯಾಗದಂತೆ ಕೆಲವನ್ನು ಖಾಲಿ ಬಿಡಲೇಬೇಕು. ಆ ಖಾಲಿ ಕೋಣೆಗಳಲ್ಲಿ ಮೈಕುಗಳು ಸದ್ದಿಲ್ಲದೆ ಬಾಳಿದವು. ಆಮೇಲೆ ಮೊಬೈಲು ಬಂತು. ದೂರದರ್ಶನ ಡಿಜಿಟಲ್ ಆಗಿ ಕಡಿಮೆ ಜಾಗದಲ್ಲಿ ಹಿಡಿಯುವಂತಾದಾಗ, ಉಳಿದ ಜಾಗವನ್ನು ಸರಕಾರಗಳು ಮೊಬೈಲ್ ಕಂಪನಿಗಳಿಗೆ ಮಾರಿದವು. ನಮ್ಮಲ್ಲಿಯೂ ದೂರದರ್ಶನದ ಹಳೆಯ ಅನಲಾಗ್ ಪ್ರೇಷಕಗಳು 2022ರ ಹೊತ್ತಿಗೆ ಬಹುಮಟ್ಟಿಗೆ ಮುಚ್ಚಿದವು. ಅದೇ ವರ್ಷದ ಹರಾಜಿನಲ್ಲಿ 700ರ ಪಟ್ಟಿಯನ್ನು ಜಿಯೋ ಕೊಂಡಿತು, 600ರ ಪಟ್ಟಿಗೆ ಯಾರೂ ಕೂಗಲಿಲ್ಲ. ಧಣಿ ಮನೆ ಮಾರಿದರೆ ಬಾಡಿಗೆಯವನ ಪಾಡೇನು? ಅದೇ ಪಾಡು ಮೈಕಿನದು. ಒಂದೊಂದು ದೇಶ ಒಂದೊಂದು ವರ್ಷದಲ್ಲಿ ಒಂದೊಂದು ಭಾಗವನ್ನು ಮಾರಿದುದರಿಂದ ಈ ದೇಶದ ಖಾಲಿ ಕೋಣೆ ಆ ದೇಶದಲ್ಲಿ ತುಂಬಿದ ಸಂತೆ.

ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಾದ ನಾವು ಸಾರ್ವಭೌಮತ್ವವೆಂದರೆ ನೆಲ, ಜಲ ಎಂದು ಬರೆಯುತ್ತೇವೆ. ಆಕಾಶದ ತರಂಗಗಳೂ ಅದರಲ್ಲಿ ಸೇರುತ್ತವೆ. 1865ರಲ್ಲಿ ಹುಟ್ಟಿ ಈಗ ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಜಗತ್ತನ್ನು ಮೂರು ವಲಯಗಳನ್ನಾಗಿ ವಿಂಗಡಿಸಿದೆ. ಯೂರೋಪು, ಆಫ್ರಿಕಗಳು ಒಂದನೆಯದರಲ್ಲಿ, ಅಮೆರಿಕ ಖಂಡಗಳು ಎರಡನೆಯದರಲ್ಲಿ, ನಾವು ಮೂರನೆಯದರಲ್ಲಿ. ಆದರೆ ಒಕ್ಕೂಟ ಹಾಕುವುದು ರೂಪುರೇಷೆ ಮಾತ್ರ. ಕೊನೆಯ ಮಾತು ಆಯಾ ದೇಶದ್ದೇ. ಇದಕ್ಕೆ ನಮ್ಮ ದೇಶದಲ್ಲಿಯೇ ಒಂದು ಪ್ರಸಿದ್ಧ ಉದಾಹರಣೆ ಇದೆ. 1993ರ ಹೀರೋ ಕಪ್ ಕ್ರಿಕೆಟ್ಟಿನ ಚಿತ್ರೀಕರಣಕ್ಕೆ ಬಂದ ವಿದೇಶಿ ಸಂಸ್ಥೆಯ ಸಲಕರಣೆಗಳನ್ನು ಮುಂಬಯಿಯ ಸುಂಕದ ಅಧಿಕಾರಿಗಳು ತಡೆಹಿಡಿದರು. ಆ ತಕರಾರು ಸುಪ್ರೀಂ ಕೋರ್ಟಿಗೆ ಹೋಗಿ, 1995ರಲ್ಲಿ ತರಂಗಗಳು ಸಾರ್ವಜನಿಕರ ಸೊತ್ತು ಎಂಬ ಮಹತ್ವದ ತೀರ್ಪು ಬಂತು. ಪರದೇಶದವರು ನಮ್ಮಲ್ಲಿಗೆ ಬಂದಾಗ ನಾವು ಕೇಳಿದ ಪ್ರಶ್ನೆಯನ್ನೇ ನಾವು ಹೋದಾಗ ಅವರು ಕೇಳಿದರೆ ಸಿಟ್ಟಾಗುವಂತಿಲ್ಲ.

ಅಣ್ಣನ ಪೆಟ್ಟಿಗೆಯ ಹಿಂಬದಿಯ ಚೀಟಿಯಲ್ಲಿ 606–648 ಎಂದು ಬರೆದಿತ್ತು. ಈ ಒಂದು ಚೀಟಿಯನ್ನು ಹಿಡಿದುಕೊಂಡು ಎರಡು ದೇಶಗಳನ್ನು ಸುತ್ತಿಬಂದರೆ ವಿಷಯವೆಲ್ಲ ತಿಳಿಯುತ್ತದೆ.

ಲಂಡನ್ ಮೊದಲು. ಇಂಗ್ಲೆಂಡಿನಲ್ಲಿ ದೂರದರ್ಶನದ ಒಂದೊಂದು ಕೋಣೆ, ಅಂದರೆ ಚಾನಲ್, 8 ಮೆಗಾಹರ್ಟ್ಸ್ ಅಗಲ. 21ನೆಯ ಚಾನಲ್ 470ಕ್ಕೆ ಪ್ರಾರಂಭ. 38ನೆಯದು ಎಲ್ಲಿದೆ? 21ರಿಂದ 38ಕ್ಕೆ ಹದಿನೇಳು ಕೋಣೆ, ಹದಿನೇಳೆಂಟಲೆ 136, 470ಕ್ಕೆ ಕೂಡಿಸಿದರೆ 606. ಆದುದರಿಂದ 38ನೆಯ ಚಾನಲ್ ಎಂದರೆ 606ರಿಂದ 614. ಈ ಒಂದು ಕೋಣೆಯನ್ನು ಅವರು ಮೈಕುಗಳಿಗೆಂದೇ ಬಿಟ್ಟಿದ್ದಾರೆ. ಮೊದಲು 69ನೆಯ ಚಾನಲ್ ಇತ್ತು. ಅದನ್ನು ಮೊಬೈಲಿಗೆ ಕೊಡುವುದಕ್ಕಾಗಿ 2012ರ ಕೊನೆಗೆ ತೆರವು ಮಾಡಿಸಿ, ಮೈಕಿನವರನ್ನು 38ಕ್ಕೆ ಕಳುಹಿಸಿದರು. ಆಫ್‌ಕಾಮ್ ಎಂಬ ನಿಯಂತ್ರಣ ಸಂಸ್ಥೆಗೆ ಶುಲ್ಕ ಕಟ್ಟಿ ಪರವಾನಗಿ ಪಡೆದರೆ ದೇಶದ ಯಾವ ಊರಿನಲ್ಲಾದರೂ 606.5ರಿಂದ 613.5ರ ಒಳಗೆ ಮೈಕು ಹಚ್ಚಬಹುದು. ಹಂಚಿಕೊಂಡು ಬಾಳುವ ಜಾಗ ಅದು. ಪಕ್ಕದ ಬೀದಿಯಲ್ಲಿ ಇನ್ನೊಬ್ಬರು ಅಲ್ಲೇ ಇದ್ದರೆ ಮಾತಾಡಿ ಹೊಂದಿಸಿಕೊಳ್ಳಬೇಕು, ಬಾವಿಯ ಸರದಿಯಂತೆ. ಅಣ್ಣನ ಪೆಟ್ಟಿಗೆ 606ರಿಂದ ಪ್ರಾರಂಭವಾಗುವುದರಿಂದ ಲಂಡನ್ನಿನಲ್ಲಿ ಅದಕ್ಕೆ ಜಾಗವಾಯಿತು. ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವೇಶ್ವರರ ಮೂರ್ತಿಯ ಬಳಿಯೂ ಒಂದು ದಿನದ ಚಿತ್ರೀಕರಣವಿತ್ತು. ಅಂಥ ನಡುಪಟ್ಟಣದಲ್ಲಿ, ಸುತ್ತಲೂ ನಾಟಕಶಾಲೆಗಳೂ ಸುದ್ದಿಯವರೂ ಇರುವಲ್ಲಿ, ಮೊದಲು ಗ್ರಾಹಕವನ್ನಷ್ಟೇ ಹಚ್ಚಿ ಎಲ್ಲಿ ಗದ್ದಲವಿದೆಯೆಂದು ಕೇಳಿ, ಆಮೇಲೆ ಪ್ರೇಷಕವನ್ನು ಹಚ್ಚುವುದು ಜಾಣತನ.

ಈಗ ಅಮೆರಿಕ. ಅಲ್ಲಿ ಚಾನಲ್ಲಿನ ಅಗಲ 8 ಅಲ್ಲ, 6. ಲೆಕ್ಕ 14ನೆಯ ಚಾನಲ್ಲಿನಿಂದ, 470ಕ್ಕೆ ಪ್ರಾರಂಭ. ಅಲ್ಲಿಯ 38ನೆಯ ಚಾನಲ್ ಎಲ್ಲಿಗೆ ಬರುತ್ತದೆ? ಇಪ್ಪತ್ತನಾಲ್ಕಾರಲೆ 144, 470ಕ್ಕೆ ಕೂಡಿಸಿದರೆ 614. ಲಂಡನ್ನಿನ 38 ಮುಗಿಯುವಲ್ಲಿ ಅಮೆರಿಕದ 38 ಪ್ರಾರಂಭ! ಹೆಸರೊಂದೇ, ಮನೆ ಬೇರೆ. ಚಾನಲ್ ಸಂಖ್ಯೆಯನ್ನು ಬರೆದುಕೊಂಡು ಹೋಗುವವರು ಮೋಸಹೋಗುವುದು ಇಲ್ಲಿಯೇ. ಯಾವಾಗಲೂ ಮೆಗಾಹರ್ಟ್ಸಿನಲ್ಲಿಯೇ ಬರೆದುಕೊಳ್ಳತಕ್ಕದ್ದು.

ಇಷ್ಟಕ್ಕೇ ಮುಗಿಯಲಿಲ್ಲ. ಅಮೆರಿಕದ 37ನೆಯ ಚಾನಲ್ ಎಂದರೆ 608ರಿಂದ 614. ಅದನ್ನು ಅವರು ದೂರದರ್ಶನಕ್ಕೂ ಕೊಟ್ಟಿಲ್ಲ. ದೂರದ ನಕ್ಷತ್ರಗಳಿಂದ ಬರುವ ಅತಿ ಕ್ಷೀಣವಾದ ತರಂಗಗಳನ್ನು ಆಲಿಸುವ ಖಗೋಳವಿಜ್ಞಾನಿಗಳಿಗೂ, ಆಸ್ಪತ್ರೆಗಳಲ್ಲಿ ರೋಗಿಯ ಹೃದಯದ ಬಡಿತವನ್ನು ನಿಸ್ತಂತುವಾಗಿ ದಾದಿಯರ ಮೇಜಿಗೆ ಮುಟ್ಟಿಸುವ ಯಂತ್ರಗಳಿಗೂ ಅದು ಮೀಸಲು. ಮೈಕಿಗೆ ಅಲ್ಲಿ ಪೂರ್ಣ ನಿಷೇಧ. ಲಂಡನ್ನಿನಲ್ಲಿ 610 ಮೆಗಾಹರ್ಟ್ಸಿನಲ್ಲಿ ಕಾನೂನುಬದ್ಧವಾಗಿ ಅಜ್ಜಿಯ ಹಾಡನ್ನು ಹಿಡಿದ ಪೆಟ್ಟಿಗೆಯನ್ನು ಗುಂಡಿಯೂ ತಿರುಗಿಸದೆ ನ್ಯೂಜೆರ್ಸಿಯಲ್ಲಿ ಹಚ್ಚಿದರೆ, ಹತ್ತಿರದ ಆಸ್ಪತ್ರೆಯಲ್ಲಿ ಮಲಗಿದ ಯಾರದೋ ಎದೆಬಡಿತದ ಮೇಲೆ ಅದು ಕೂತೀತು. ಈ ಸಾಲನ್ನು ನಾನು ಓದಿ ಹೇಳಿದಾಗ ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಕಾಯಿದೆ ಎಂದರೆ ದಂಡ ಹಾಕುವ ಅಧಿಕಾರಿ ಎಂದಷ್ಟೇ ನಾವು ತಿಳಿದಿರುತ್ತೇವೆ. ಅದರ ಆಚೆ ಬದಿಯಲ್ಲಿ ಒಬ್ಬ ರೋಗಿ ಮಲಗಿರುತ್ತಾನೆ ಎಂಬುದು ಹೊಳೆಯುವುದಿಲ್ಲ.

614ರ ಮೇಲೆ ಹೋಗೋಣವೆಂದರೆ ಅದೂ ಇಲ್ಲ. 614ರಿಂದ 698ರವರೆಗಿನ ಪಟ್ಟಿಯನ್ನು ಅಮೆರಿಕ 2017ರಲ್ಲಿ ಮುಗಿದ ಹರಾಜಿನ ತರುವಾಯ ಮೊಬೈಲಿಗಾಗಿ ಮೀಸಲಿಟ್ಟು, ಅಲ್ಲಲ್ಲಿ ಉಳಿಸಿದ ಸಣ್ಣ ತುಣುಕುಗಳ ಹೊರತು ಎಲ್ಲ ಮೈಕುಗಳೂ 2020ರ ಜುಲೈ 13ರೊಳಗೆ ಜಾಗ ಬಿಡಬೇಕೆಂದು ವಿಧಿಸಿತು. 700ರ ಪಟ್ಟಿಯಿಂದ ಅವು 2010ರ ಜೂನಿನಲ್ಲಿಯೇ ಹೊರಬಿದ್ದಿದ್ದವು. ಹೀಗೆ ಹೊರಬಿದ್ದ ಪೆಟ್ಟಿಗೆಗಳು ಕೆಡುವುದಿಲ್ಲವಷ್ಟೆ. ಬೇರೆ ದೇಶಗಳ ಹಳೆಯ ಸಾಮಾನಿನ ಪೇಟೆಯಲ್ಲಿ ಅರ್ಧ ಬೆಲೆಗೆ ಸಿಗುತ್ತವೆ. ಅಗ್ಗವೆಂದು ಕೊಂಡವನು ಅದನ್ನು ತವರಿಗೆ ಮರಳಿ ಒಯ್ದರೆ ಅಲ್ಲಿ ಅದು ಅಪರಾಧಿ. ಒಟ್ಟಿನಲ್ಲಿ 606ರಿಂದ 648ರವರೆಗಿನ ನಲವತ್ತೆರಡರಲ್ಲಿ ಅಮೆರಿಕೆಯಲ್ಲಿ ನೆಮ್ಮದಿಯಾಗಿ ಕೆಲಸ ಮಾಡುವಷ್ಟು ಜಾಗ ಉಳಿಯಲಿಲ್ಲ. ಮೇಲಾಗಿ ಅಲ್ಲಿ ಬಳಸುವ ಪೆಟ್ಟಿಗೆಗೆ ಎಫ್.ಸಿ.ಸಿ. ಎಂಬ ಅವರ ಆಯೋಗದ ಒಪ್ಪಿಗೆಯ ಗುರುತು ಇರಬೇಕು. ನಾನು ಅಣ್ಣನಿಗೆ ಹೇಳಿದ್ದು ಒಂದೇ: ಅಮೆರಿಕದ ಕೆಲಸಕ್ಕೆ ಈ ಪೆಟ್ಟಿಗೆಯನ್ನು ತೆಗೆಯಬೇಡ, 470ರಿಂದ 608ರ ಒಳಗಿನ ಇನ್ನೊಂದನ್ನು ಅಲ್ಲಿಯೇ ಬಾಡಿಗೆಗೆ ಹಿಡಿಯಲಿ. ಆ ಪಟ್ಟಿಯಲ್ಲಿ 50 ಮಿಲಿವಾಟಿಗೆ ಮೀರದ ಮೈಕುಗಳಿಗೆ, ಸ್ಥಳದ ದೂರದರ್ಶನ ಕೇಂದ್ರಗಳು ಹಿಡಿಯದೆ ಬಿಟ್ಟ ಚಾನಲ್ಲುಗಳಲ್ಲಿ, ಪರವಾನಗಿಯಿಲ್ಲದೆಯೂ ಅವಕಾಶವಿದೆ. ಬಾಡಿಗೆ ಕೊಡುವ ಅಂಗಡಿಯವರಿಗೆ ತಮ್ಮ ಊರಿನ ಖಾಲಿ ಚಾನಲ್ಲುಗಳು ಬಾಯಿಪಾಠ. ನ್ಯೂಯಾರ್ಕಿನ ಮಗ್ಗುಲಿನಲ್ಲಿ ಕೇಂದ್ರಗಳ ದಟ್ಟಣೆ ಹೆಚ್ಚಾದುದರಿಂದ ಇದು ಊರೂರಿಗೆ ಕೇಳಿ ತಿಳಿಯತಕ್ಕ ವಿಷಯ.

ಮಿಕ್ಕ ದೇಶಗಳನ್ನು ಬೇಗ ದಾಟುತ್ತೇನೆ. ಜರ್ಮನಿಯಲ್ಲಿ 823ರಿಂದ 832ರವರೆಗೆ ಮುಕ್ತ. ಮೊಬೈಲಿನ ಹೋಗುವ ದಾರಿಗೂ ಬರುವ ದಾರಿಗೂ ನಡುವೆ ಬಿಟ್ಟ ಜಾಗವದು, ಎರಡು ಹೊಲಗಳ ನಡುವಿನ ಬದುವಿನಂತೆ. ಅದೇ ಪೆಟ್ಟಿಗೆಯನ್ನು ಭಾರತಕ್ಕೆ ತಂದರೆ ಅದು ಬದುವಿನಲ್ಲಿಲ್ಲ, ಬೆಳೆಯೊಳಗಿದೆ: 824ರಿಂದ 844 ನಮ್ಮಲ್ಲಿ ಮೊಬೈಲುಗಳು ಗೋಪುರಕ್ಕೆ ಮಾತಾಡುವ ಪಟ್ಟಿ. ಅಮೆರಿಕೆಯಲ್ಲಿ ಮುಕ್ತವಾದ 902–928ರ ಪಟ್ಟಿಯದೂ ಇದೇ ಕಥೆ, 915ರವರೆಗೆ ನಮ್ಮ ಮೊಬೈಲುಗಳ ದಾರಿ. ಜಪಾನಿನಲ್ಲಿ 806ರಿಂದ 810ರವರೆಗೆ ಸಣ್ಣ ಶಕ್ತಿಯ ಮೈಕುಗಳಿಗೆ ಅವಕಾಶ. ಆಸ್ಟ್ರೇಲಿಯ 2015ರಿಂದ 694ರ ಮೇಲಿನದನ್ನು ಮೊಬೈಲಿಗೆ ಕೊಟ್ಟಿತು. ಕನ್ನಡಿಗರು ಹೆಚ್ಚಾಗಿರುವ ದುಬೈಯಲ್ಲಿ ದೂರಸಂಪರ್ಕ ಪ್ರಾಧಿಕಾರದ ಅನುಮತಿಯನ್ನು ಮೊದಲೇ ಪಡೆದಿರಬೇಕು.

ದೇಶದ ಕಾಯಿದೆ ಒಪ್ಪಿತು, ಸ್ಥಳದ ದೂರದರ್ಶನ ಬಿಟ್ಟುಕೊಟ್ಟಿತು. ಉಳಿದದ್ದು ನಮ್ಮ ಮೈಕುಗಳು ತಮ್ಮತಮ್ಮಲ್ಲಿ ಜಗಳವಾಡದಂತೆ ನೋಡಿಕೊಳ್ಳುವುದು. ನನಗೆ ಇಡೀ ವಿಷಯದಲ್ಲಿ ಬಹಳ ರುಚಿಸಿದ ಭಾಗವಿದು. ಗಣಿತವೆಂದರೆ ಮೈಲುದೂರ ಓಡುವ ನಮ್ಮ ಕಲಾವಿಭಾಗದವರಿಗೂ ಕೂಡಿಸಿ ಕಳೆಯುವುದು ಬಂದರೆ ಸಾಕು.

ಎರಡು ಪ್ರೇಷಕಗಳು ಹತ್ತಿರವಿದ್ದಾಗ ಅವುಗಳ ತರಂಗಗಳು ಒಂದರ ಯಂತ್ರದೊಳಗೆ ಇನ್ನೊಂದು ಹೊಕ್ಕು, ಇಲ್ಲದ ಹೊಸ ಕಂಪನಾಂಕಗಳನ್ನು ಹುಟ್ಟಿಸುತ್ತವೆ. ಅವುಗಳಲ್ಲಿ ಕೇಡಿಗನೆಂದರೆ ಒಂದನ್ನು ಇಮ್ಮಡಿಸಿ ಇನ್ನೊಂದನ್ನು ಕಳೆದಾಗ ಬರುವುದು. ಒಂದು ಮೈಕು 610.0ರಲ್ಲಿ, ಇನ್ನೊಂದು 610.4ರಲ್ಲಿ ಇವೆಯೆನ್ನಿ. 610.4ನ್ನು ಇಮ್ಮಡಿಸಿ 610.0 ಕಳೆದರೆ 610.8. 610.0ನ್ನು ಇಮ್ಮಡಿಸಿ 610.4 ಕಳೆದರೆ 609.6. ಈ ಎರಡು ಜಾಗಗಳಲ್ಲಿ ಯಾವ ಮೈಕೂ ಇಲ್ಲದಿದ್ದರೂ ದೆವ್ವದಂತೆ ತರಂಗವಿರುತ್ತದೆ. ಅಚ್ಚುಕಟ್ಟಾಗಿರಲೆಂದು ಸಮ ಅಂತರದಲ್ಲಿ 610.0, 610.4, 610.8 ಎಂದು ಮೂರು ಮೈಕು ಇಟ್ಟವನು ಮೂರನೆಯದನ್ನು ನೇರವಾಗಿ ದೆವ್ವದ ಮನೆಯಲ್ಲಿಯೇ ಇಟ್ಟಂತಾಯಿತು. ಬೇರೆಲ್ಲ ಕೆಲಸಗಳಲ್ಲಿ ಸಮವೇ ಚಂದ. ಇಲ್ಲಿ ಮಾತ್ರ ಸಮವೇ ಶತ್ರು.

ಹಾಗಾದರೆ ಹೇಗಿಡಬೇಕು? ಯಾವ ಎರಡು ಮೈಕುಗಳ ಅಂತರವೂ ಬೇರೆ ಯಾವ ಎರಡರ ಅಂತರಕ್ಕೆ ಸಮನಾಗಬಾರದು. 1953ರಲ್ಲಿ ಅಮೆರಿಕದ ಬೆಲ್ ಸಂಸ್ಥೆಯ ತಾಂತ್ರಿಕ ಪತ್ರಿಕೆಯಲ್ಲಿ ಬ್ಯಾಬ್ಕಾಕ್ ಎಂಬುವರು ರೇಡಿಯೋ ಚಾನಲ್ಲುಗಳನ್ನು ಹೀಗೆ ಆರಿಸುವ ಬಗೆಯನ್ನು ವಿವರಿಸಿದ್ದಾರೆ. ಲಂಡನ್ನಿನ ಕೋಣೆಯಲ್ಲಿ ನಾಲ್ಕು ಮೈಕುಗಳಿಗೆ ನಾನು ಬರೆದುಕೊಟ್ಟದ್ದು 607.0, 607.4, 608.6 ಮತ್ತು 609.4. ಇವುಗಳ ನಡುವಿನ ಆರು ಅಂತರಗಳನ್ನು ತೆಗೆದು ನೋಡಿ: 0.4, 1.6, 2.4, 1.2, 2.0, 0.8. ಒಂದರಂತೆ ಇನ್ನೊಂದಿಲ್ಲ. ಇಂಥ ಆಯ್ಕೆಯಲ್ಲಿ ದೆವ್ವಗಳು ಹುಟ್ಟದೆ ಇರುವುದಿಲ್ಲ, ಹುಟ್ಟಿದವು ನಮ್ಮ ಮೈಕುಗಳ ಮೇಲೆ ಕೂರುವುದಿಲ್ಲ, ಅಷ್ಟೆ. ಈಗಿನ ಗ್ರಾಹಕಗಳು ಈ ಲೆಕ್ಕವನ್ನು ತಾವೇ ಮಾಡಿಕೊಡುತ್ತವೆ ನಿಜ. ಆದರೆ ಯಂತ್ರ ತನ್ನ ಕಂಪನಿಯ ಪೆಟ್ಟಿಗೆಗಳ ಲೆಕ್ಕವನ್ನು ಬಲ್ಲುದು. ಪಕ್ಕದಲ್ಲಿ ಇನ್ನೊಂದು ತಂಡದವರು ತಂದ ಬೇರೆ ಕಂಪನಿಯ ಪೆಟ್ಟಿಗೆ ಅದರ ಲೆಕ್ಕಕ್ಕೆ ಬಾರದು. ಆಗ ಕಾಗದ, ಪೆನ್ಸಿಲ್ಲುಗಳೇ ಗತಿ.

ಇಷ್ಟೆಲ್ಲ ರಗಳೆ ಏಕೆ, 2400 ಮೆಗಾಹರ್ಟ್ಸಿನ ಪುಟ್ಟ ಮೈಕುಗಳು ಬಂದಿವೆಯಲ್ಲ, ಅವಕ್ಕೆ ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲಿಯೂ ಪರವಾನಗಿ ಬೇಡವಲ್ಲ ಎಂದು ತಿಳಿದವರು ಕೇಳಬಹುದು. ಮಾತು ಸರಿ. ಮನೆಯೊಳಗೆ, ಒಬ್ಬರೋ ಇಬ್ಬರೋ ಎದುರುಬದುರು ಕುಳಿತು ಮಾತಾಡುವಾಗ ಅವು ಸಾಕು. ಆದರೆ ವೈಫೈ, ಬ್ಲೂಟೂತುಗಳೂ ಅದೇ ಪಟ್ಟಿಯಲ್ಲಿವೆ. ನೂರು ಜನ ಕಿಸೆಯಲ್ಲಿ ಫೋನಿಟ್ಟುಕೊಂಡು ಸೇರಿದ ಬಸವ ಜಯಂತಿಯ ಸಭೆಯಲ್ಲಿ ಅದು ಸಂತೆಯ ನಡುವೆ ಪಿಸುಮಾತಾಡಿದಂತೆ. ಮೈಕು ಕಟ್ಟಿದವರು ಬೆನ್ನು ತಿರುಗಿಸಿದರೂ ಸಾಕು, ದೇಹವೇ ಅಡ್ಡವಾಗುತ್ತದೆ. ಬೆಲೆ ಅಗ್ಗವೆಂದು ಎಲ್ಲ ಕೆಲಸಕ್ಕೂ ಅವನ್ನೇ ನೆಚ್ಚುವವರನ್ನು ನಾನು ಒಪ್ಪಲಾರೆ. ಪರದೇಶಕ್ಕೆ ಹೋಗುವವರು ಒಂದು ಜೊತೆಯನ್ನು ಆಪತ್ತಿಗೆಂದು ಚೀಲದಲ್ಲಿ ಇಟ್ಟುಕೊಂಡರೆ ಮಾತ್ರ ಒಳ್ಳೆಯದೇ.

ಸಲಕರಣೆಗಳನ್ನು ಒಯ್ದು ಮರಳಿ ತರುವ ಸುಂಕದ ವಿಷಯಕ್ಕೆ ಎ.ಟಿ.ಎ. ಕಾರ್ನೆ ಎಂಬ ಅಂತರರಾಷ್ಟ್ರೀಯ ದಸ್ತೈವಜು ಉಂಟು. ನಮ್ಮ ದೇಶದಲ್ಲಿ ಅದನ್ನು ಕೊಡುವವರು ಫಿಕ್ಕಿ ಎಂಬ ವಾಣಿಜ್ಯ ಮಂಡಳಿ. ಅದು ಸುಂಕಕ್ಕೆ ಮಾತ್ರ, ಕಂಪನಾಂಕಕ್ಕೆ ಅಲ್ಲ. ಎರಡನ್ನೂ ಒಂದೆಂದು ತಿಳಿಯಬಾರದು. ಬರುವಾಗ ಅಲ್ಲಿ ಅಗ್ಗವೆಂದು ಹೊಸ ಪೆಟ್ಟಿಗೆ ಕೊಂಡು ತರುವವರು ನಮ್ಮ ಕಾಯಿದೆಯನ್ನೂ ನೋಡಬೇಕು. ನಿಸ್ತಂತು ಯಂತ್ರವನ್ನು ಪರವಾನಗಿಯಿಲ್ಲದೆ ಹೊಂದಿರುವುದೇ ಅಪರಾಧವೆಂದು 1933ರ ಕಾಯಿದೆ ವಿಧಿಸಿತ್ತು. ಮನೆಯ ರೇಡಿಯೋಗೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಮಾಡಿಸುತ್ತಿದ್ದ ಕಾಲವನ್ನು ನಮ್ಮ ಮುತ್ಯಾ ಈಗಲೂ ನೆನೆಯುತ್ತಾನೆ. ಆ ಕಾಯಿದೆಯ ಜಾಗಕ್ಕೆಂದು 2023ರಲ್ಲಿ ಹೊಸ ದೂರಸಂಪರ್ಕ ಕಾಯಿದೆ ಬಂದಿದೆ. ಕಂಪನಾಂಕಗಳ ಹಂಚಿಕೆಯನ್ನು ನೋಡಿಕೊಳ್ಳುವುದು ದೂರಸಂಪರ್ಕ ಇಲಾಖೆಯಲ್ಲಿ 1952ರಿಂದ ಇರುವ ಡಬ್ಲ್ಯು.ಪಿ.ಸಿ. ವಿಭಾಗ.

ಅಣ್ಣನಿಗೆ ನಾನು ಕಟ್ಟಿಕೊಟ್ಟ ಹಾಳೆಯಲ್ಲಿ ದೇಶಕ್ಕೊಂದರಂತೆ ಎರಡೇ ಸಾಲುಗಳಿದ್ದವು. ಅಮೆರಿಕದ ಸಾಲಿನಲ್ಲಿ 608ರಿಂದ 614ರ ಮೇಲೆ ಕೆಂಪು ಮಸಿಯ ಗೀಟು ಎಳೆದಿದ್ದೆ. ಅದರ ಕೆಳಗೆ ಆತ ತನ್ನ ಕೈಯಿಂದಲೇ ಇನ್ನೊಂದು ಮಾತು ಸೇರಿಸಿಕೊಂಡ: ಅಜ್ಜಿ ಕೂತಲ್ಲೇ ಹಾಡುವುದಾದರೆ ತಂತಿಯ ಮೈಕು. ಅದಕ್ಕೆ ಯಾವ ದೇಶದ ಅಪ್ಪಣೆಯೂ ಬೇಕಿಲ್ಲ.